ಮೈಂಡ್‌ಟ್ರೀ ಕೈ ಬದಲಾದಾಗ: ಆಲ್ದೂರು ಕಡೆಯ ಒಂದು ಮನೆಯ 400 ಷೇರು

2019ರ ಮಾರ್ಚ್ 18ರಂದು ಎಂಜಿನಿಯರಿಂಗ್ ಕಂಪನಿ ಎಲ್ ಅಂಡ್ ಟಿ ಒಂದು ಘೋಷಣೆ ಮಾಡಿತು. ಐಟಿ ಕಂಪನಿ ಮೈಂಡ್‌ಟ್ರೀಯಲ್ಲಿ ವಿ.ಜಿ. ಸಿದ್ಧಾರ್ಥ ಮತ್ತು ಅವರ ಕಾಫಿ ಡೇ ಕಂಪನಿಗಳ ಹೆಸರಿನಲ್ಲಿದ್ದ 20.32% ಪಾಲನ್ನು ಷೇರಿಗೆ 980 ರೂಪಾಯಿಯಂತೆ ಕೊಳ್ಳುತ್ತೇವೆ ಅಂತ. ಅದರ ಜೊತೆಗೆ ಮಾರುಕಟ್ಟೆಯಲ್ಲಿ 15% ತನಕ ಕೊಳ್ಳುವುದು, ಆಮೇಲೆ ಸಾಮಾನ್ಯ ಷೇರುದಾರರಿಂದ ಇನ್ನೊಂದು 31% ಕೊಳ್ಳಲು ಓಪನ್ ಆಫರ್ ಕೊಡುವುದು. ಕಂಪನಿ ಕಟ್ಟಿದವರಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಪತ್ರಿಕೆಗಳು ಇದನ್ನು ದೇಶದ ಐಟಿ ವಲಯದ ಮೊದಲ ಬಲವಂತದ ಸ್ವಾಧೀನ ಅಂತ ಬರೆದವು.

ಕಂಪನಿ ಬೆಂಗಳೂರಿನದು, ಕೊಳ್ಳುವವರು ಮುಂಬಯಿಯವರು. ಆದರೆ ಮಾರಿದವರು ನಮ್ಮ ಜಿಲ್ಲೆಯವರು. ಹಾಗಾಗಿ ಐಟಿ ಕಂಪನಿ ಅಂದರೆ ಏನು ಅಂತ ಗೊತ್ತಿಲ್ಲದವರೂ ಆ ವಾರ ಚಿಕ್ಕಮಗಳೂರಿನಲ್ಲಿ 980ರ ಲೆಕ್ಕ ಹಾಕುತ್ತಿದ್ದರು. ಇಲ್ಲಿನ ಕೆಲವು ಪ್ಲಾಂಟರ್ ಮನೆಗಳಲ್ಲಿ ಮೈಂಡ್‌ಟ್ರೀ ಷೇರು ಅಷ್ಟಿಷ್ಟು ಇತ್ತು. 'ಸಿದ್ಧಾರ್ಥ ದುಡ್ಡು ಹಾಕಿದ್ದಾರೆ' ಅನ್ನುವ ಒಂದೇ ನಂಬಿಕೆಯ ಮೇಲೆ ಕೊಂಡವರೇ ಜಾಸ್ತಿ.

ಅಂಥ ಒಂದು ಮನೆಯ ಪ್ರಕರಣ ಇದು. ನಾನು ಇಲ್ಲಿ ತೆರಿಗೆ ರಿಟರ್ನ್, ಡಿಮ್ಯಾಟ್ (ಷೇರು ಇಡುವ ಎಲೆಕ್ಟ್ರಾನಿಕ್ ಖಾತೆ) ಕಾಗದಪತ್ರದ ಕೆಲಸ ಮಾಡುವವನು. ಅವರ ಗುರುತು ಸಿಗದ ಹಾಗೆ ಸಣ್ಣಪುಟ್ಟ ವಿವರ ಬದಲಿಸಿದ್ದೇನೆ.

ಆಲ್ದೂರು ಕಡೆ ಹನ್ನೆರಡು ಎಕರೆ ತೋಟ. ಯಜಮಾನರು 2010ರ ಸುಮಾರಿಗೆ 500 ರೂಪಾಯಿ ದರದಲ್ಲಿ 100 ಷೇರು ಕೊಂಡಿದ್ದರು. 2014ರಲ್ಲಿ ಒಂದಕ್ಕೊಂದು ಬೋನಸ್ (ಇದ್ದ ಒಂದೊಂದು ಷೇರಿಗೂ ಇನ್ನೊಂದು ಪುಕ್ಕಟೆ) ಬಂತು, 2016ರಲ್ಲಿ ಮತ್ತೆ ಒಂದಕ್ಕೊಂದು. ನೂರು ಇದ್ದದ್ದು ನಾನೂರಾಯಿತು. ಅವರು ತೀರಿಕೊಂಡ ಮೇಲೆ ಷೇರು ಹೆಂಡತಿಯ ಡಿಮ್ಯಾಟ್ ಖಾತೆಗೆ ಬಂದವು. ಮಗ ತೋಟ ನೋಡಿಕೊಳ್ಳುತ್ತಾನೆ. ಮಗಳು ಹಾಸನದಲ್ಲಿ ಹೈಸ್ಕೂಲ್ ಟೀಚರ್.

ಜೂನ್ ಆರಂಭದಲ್ಲಿ ಒಂದು ದಪ್ಪ ಲಕೋಟೆ ಮನೆಗೆ ಬಂತು. ಒಳಗೆ ಇಂಗ್ಲಿಷಿನಲ್ಲಿ ಪುಟಗಟ್ಟಲೆ ಸಣ್ಣ ಅಕ್ಷರ, ಕೊನೆಗೊಂದು ಫಾರಂ. ಓಪನ್ ಆಫರ್ ಜೂನ್ 17ರಿಂದ 28ರ ತನಕ. ಮಗ ಅದನ್ನು ಹಿಡಿದುಕೊಂಡು ಬಂದು ಕೇಳಿದ ಮೊದಲ ಪ್ರಶ್ನೆ: "ಇದು ಕೊಡಲೇಬೇಕಾ? ಕೊಡದಿದ್ರೆ ಷೇರು ರದ್ದಿ ಕಾಗದ ಆಗುತ್ತಾ?"

ಈ ಭಯ ಬಹಳ ಜನಕ್ಕಿತ್ತು. ಇದಕ್ಕೆ ಮೊದಲು ಉತ್ತರ ಸಿಗದೆ ಬೇರೇನೂ ತಲೆಗೆ ಹೋಗುವುದಿಲ್ಲ. ಓಪನ್ ಆಫರ್ ಅಂದರೆ ಆಹ್ವಾನ, ನೋಟಿಸ್ ಅಲ್ಲ. ಷೇರುಪೇಟೆ ನಿಯಂತ್ರಕ ಸೆಬಿಯ 2011ರ ಸ್ವಾಧೀನ ನಿಯಮದ ಪ್ರಕಾರ ಯಾರಾದರೂ ಒಂದು ಲಿಸ್ಟೆಡ್ ಕಂಪನಿಯಲ್ಲಿ 25% ಮುಟ್ಟಿದರೆ, ಉಳಿದ ಷೇರುದಾರರಿಂದ ಕನಿಷ್ಠ 26% ಕೊಳ್ಳಲು ತಯಾರಿರಬೇಕು. ದೊಡ್ಡವರಿಗೆ ಒಂದು ಬೆಲೆ ಕೊಟ್ಟು ಸಣ್ಣವರನ್ನು ನಡುನೀರಲ್ಲಿ ಬಿಡಬಾರದು ಅಂತ ಈ ನಿಯಮ. ಬೇಕಾದವರು ಕೊಡಬಹುದು, ಬೇಡದವರು ಸುಮ್ನೆ ಇರಬಹುದು. ಫಾರಂ ತುಂಬದಿದ್ದರೆ ಷೇರು ಎಲ್ಲೂ ಹೋಗುವುದಿಲ್ಲ.

ರದ್ದಿ ಆಗುವ ಪ್ರಶ್ನೆಗೂ ಲೆಕ್ಕದಲ್ಲೇ ಉತ್ತರವಿತ್ತು. ಎಲ್ ಅಂಡ್ ಟಿ ಅಂದುಕೊಂಡಷ್ಟೂ ಷೇರು ಸಿಕ್ಕಿದರೂ ಅದರ ಪಾಲು 66%ರ ಆಸುಪಾಸಿಗೆ ನಿಲ್ಲುತ್ತಿತ್ತು. ಪೇಟೆಯಲ್ಲಿ ಲಿಸ್ಟ್ ಆಗಿ ಉಳಿಯಲು ಪ್ರವರ್ತಕರ, ಅಂದರೆ ಕಂಪನಿಯ ಹಿಡಿತ ಇರುವವರ, ಪಾಲು 75% ದಾಟಬಾರದು. ಅದರೊಳಗೇ ಇತ್ತು. ಅಂದರೆ ಕಂಪನಿ ಪೇಟೆಯಿಂದ ಹೊರಗೆ ಹೋಗುವ ಯೋಜನೆ ಆ ಹೊತ್ತಿಗೆ ಇರಲಿಲ್ಲ. ಇವತ್ತು ಯಾರಾದರೂ ಇಂಥ ಲಕೋಟೆ ತಂದರೆ ನಾನು ಮೊದಲು ಹುಡುಕುವುದು ಈ ಎರಡು ಸಂಖ್ಯೆ: ಎಷ್ಟು ಪಾಲಿಗೆ ಆಫರ್, ಎಲ್ಲ ಸಿಕ್ಕಿದರೆ ಕೊಳ್ಳುವವರ ಪಾಲು ಎಷ್ಟಾಗುತ್ತದೆ. ಬೆಲೆ ಆಮೇಲೆ.

ಮಗನ ಎರಡನೇ ಮಾತು ಇನ್ನೂ ಗಟ್ಟಿಯಾಗಿತ್ತು. "ಸಿದ್ಧಾರ್ಥ ಅವರೇ ಮಾರಿದ್ದಾರೆ. ಅವರಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಾ?"

ಕೆ.ಎಂ. ರಸ್ತೆಯ ಉದ್ದಕ್ಕೂ ಆಗ ಇದೇ ಮಾತು. ನೋಡಿದರೆ ಸರಿಯಾಗೇ ಕಾಣುತ್ತದೆ. ಇಪ್ಪತ್ತು ವರ್ಷದ ಹಿಂದೆ ಕಂಪನಿ ಶುರುವಾದಾಗಲೇ ದುಡ್ಡು ಹಾಕಿದ ಮನುಷ್ಯ ಪೂರ್ತಿ ಕೈ ಬಿಡುತ್ತಿದ್ದಾರೆ ಅಂದರೆ ಏನೋ ಇದೆ ಅಲ್ವಾ? ಆದರೆ ಅವರು ಮಾರುತ್ತಿದ್ದದ್ದು ಯಾಕೆ ಅನ್ನುವುದು ಗುಟ್ಟೇನೂ ಆಗಿರಲಿಲ್ಲ. ಕಾಫಿ ಡೇ ಗುಂಪಿಗೆ ಸಾಲ ಇತ್ತು, ಅದನ್ನು ಇಳಿಸಲು ಹಣ ಬೇಕಿತ್ತು. ಸುಮಾರು 3,269 ಕೋಟಿ ರೂಪಾಯಿಯ ವ್ಯವಹಾರ ಅದು. ಸಾಲ ಇರುವವನು ತನ್ನ ಕೆಟ್ಟ ಆಸ್ತಿಯನ್ನು ಮಾರಲು ಆಗುವುದಿಲ್ಲ, ಅದನ್ನು ಯಾರೂ ಕೊಳ್ಳುವುದಿಲ್ಲ. ಮಾರಲು ಆಗುವುದು ಒಳ್ಳೆಯದನ್ನೇ. ಈ ಮಾತನ್ನು ನಾನು ತೋಟದವರಿಗೆ ಜಾಸ್ತಿ ವಿವರಿಸಬೇಕಾಗಲಿಲ್ಲ. ಮನೆ ಖರ್ಚಿಗೆ ಕಷ್ಟವಾದಾಗ ಯಾವ ಮರ ಮೊದಲು ಕಡಿಯುತ್ತಾರೆ ಅಂತ ಅವರಿಗೆ ಗೊತ್ತು. ಸಿಲ್ವರ್ ಓಕ್ ಇದ್ದರೂ ವ್ಯಾಪಾರಿ ಬೀಟೆಯನ್ನೇ ಕೇಳುತ್ತಾನೆ.

ಅಂದರೆ ಮಾರಿದವರ ಕಾರಣ ಅವರದು. ಅದರಿಂದ ಕಂಪನಿ ಚೆನ್ನಾಗಿದೆ ಅಂತಲೂ ಗೊತ್ತಾಗುವುದಿಲ್ಲ, ಕೆಟ್ಟದ್ದು ಅಂತಲೂ ಗೊತ್ತಾಗುವುದಿಲ್ಲ. ನಾವು ನೋಡಬೇಕಾದ್ದು ಈ ಮನೆಯ ಕಾರಣ.

ಮಗಳ ವಾದ ಉಲ್ಟಾ. ಅಷ್ಟು ದೊಡ್ಡ ಕಂಪನಿ ಸಾವಿರಾರು ಕೋಟಿ ಸುರಿದು ಕೊಳ್ಳುತ್ತಿದೆ ಅಂದರೆ ಮುಂದೆ ಬೆಲೆ ಏರಲೇಬೇಕು, ಒಂದೂ ಮಾರಬೇಡಿ ಅಂತ ಅವಳು. ಇದೂ ಅದೇ ಜಾತಿಯ ತಪ್ಪು. ಕೊಳ್ಳುವವರು ಬೆಲೆ ಕೊಡುವುದು ಅಧಿಕಾರಕ್ಕೆ. 60% ಇದ್ದವರಿಗೆ ಕಂಪನಿ ನಡೆಸುವ ಹಕ್ಕು ಸಿಗುತ್ತದೆ. ನಾನೂರು ಷೇರಿನ ತಾಯಿಗೆ ಆ ಹಕ್ಕಿನಿಂದ ಏನೂ ಬರುವುದಿಲ್ಲ.

ಇನ್ನು 980 ಅನ್ನುವ ಬೆಲೆ. ಘೋಷಣೆಗೆ ಮುಂಚಿನ ಪೇಟೆ ದರಕ್ಕಿಂತ ಅದು ಸುಮಾರು 2% ಮಾತ್ರ ಜಾಸ್ತಿ. ಸುದ್ದಿ ತಿಂಗಳುಗಟ್ಟಲೆ ಗಾಳಿಯಲ್ಲಿದ್ದುದರಿಂದ ದರ ಆಗಲೇ ಏರಿ ಕೂತಿತ್ತು. ನಡುವೆ ಕಂಪನಿಯೇ ಷೇರು ವಾಪಸ್ ಕೊಳ್ಳುತ್ತದಂತೆ ಅನ್ನುವ ಮಾತೂ ಬಂತು, ಆಡಳಿತ ಮಂಡಳಿ ಮಾರ್ಚ್ 26ರಂದು ಅದನ್ನು ಕೈಬಿಟ್ಟಿತು. ಜೂನ್‌ನಲ್ಲಿ ಸ್ವತಂತ್ರ ನಿರ್ದೇಶಕರ ಸಮಿತಿ ಬೆಲೆ ನ್ಯಾಯವಾಗಿದೆ ಅಂತ ಹೇಳಿತು. ಇದನ್ನು ಓದಿ ಮಗ 'ಅವರೂ ಮಾರಿ ಅಂದಿದ್ದಾರೆ' ಅಂದ. ಹಾಗೆ ಹೇಳಿರಲಿಲ್ಲ. ನಿಯಮದ ಲೆಕ್ಕಕ್ಕೆ ಬೆಲೆ ಹೊಂದುತ್ತದೆ ಅಂದರು, ಅಷ್ಟೇ. ಕೊಡುವುದು ಬಿಡುವುದು ನಿಮ್ಮ ಇಷ್ಟ ಅನ್ನುವುದು ಇಂಥ ಶಿಫಾರಸುಗಳ ಕೊನೆಯಲ್ಲಿ ಇದ್ದೇ ಇರುತ್ತದೆ. ಅಲ್ಲಿಯ ತನಕ ಓದುವವರು ಕಡಿಮೆ.

ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಆಫರ್ ತೆರೆದಿರುವಷ್ಟು ದಿನ 980 ಒಂದು ಊರುಗೋಲು. ಪೇಟೆ ದರ ಅದಕ್ಕೆ ಒರಗಿಕೊಂಡು ನಿಂತಿರುತ್ತದೆ, ಯಾಕಂದರೆ ಆ ಬೆಲೆಗೆ ಕೊಳ್ಳುವವರು ಒಬ್ಬರು ಕಾಯುತ್ತಿದ್ದಾರೆ. ಜೂನ್ 28 ಕಳೆದ ಮೇಲೆ ಅದು ಇರುವುದಿಲ್ಲ. ಆದ್ದರಿಂದ ಹಣ ಬೇಕಾದವರು ಆಫರ್ ಮುಗಿಯುವುದರೊಳಗೆ ನಿರ್ಧಾರ ಮಾಡಬೇಕು. ಹಣ ಬೇಡದವರು, ಮುಗಿದ ಮೇಲೆ ದರ ಬಿದ್ದರೆ ನೋಡಿಕೊಂಡು ಇರಲು ಆಗುತ್ತದಾ ಅಂತ ಈಗಲೇ ಕೇಳಿಕೊಳ್ಳಬೇಕು.

ಹಾಗಾದರೆ ಈ ಮನೆಗೆ ಹಣ ಬೇಕಿತ್ತಾ? ಬೇಕಿತ್ತು, ಆದರೆ ಎಷ್ಟು ಅಂತ ಯಾರಿಗೂ ಗೊತ್ತಿರಲಿಲ್ಲ. ಮಗ 'ಸಾಲ ಇದೆ' ಅನ್ನುತ್ತಿದ್ದ, ಅಷ್ಟೇ. ಎಲ್ಲ ಬರೆದುಕೊಂಡು ಬಾ ಅಂದೆ. ತೋಟದ ಕೂಲಿ ಬರೆಯುವ ಉದ್ದನೆಯ ಪುಸ್ತಕವನ್ನೇ ತಂದ. ಕೊನೆಯ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಮೂರು ಸಾಲು. ಸೊಸೈಟಿ: 3 ಲಕ್ಷ. ಚಿನ್ನ: 1 ಲಕ್ಷ 80 ಸಾವಿರ. ಕೈಸಾಲ: 40 ಸಾವಿರ. ಸೊಸೈಟಿ ಸಾಲದ ಕೆಳಗೆ ಎರಡು ಗೆರೆ ಎಳೆದಿದ್ದ. ದೊಡ್ಡದು ಅಂತ ಅವನಿಗೆ ಅದರದೇ ಚಿಂತೆ. ನಾನೂರು ಷೇರಿಗೆ 3 ಲಕ್ಷ 92 ಸಾವಿರ ಬರುತ್ತದೆ, ಮೊದಲು ಸೊಸೈಟಿ ತೀರಿಸಿ ಬಿಡೋಣ ಅನ್ನುವುದು ಅವನ ಲೆಕ್ಕ.

ಈ ಪ್ರಕರಣದಲ್ಲಿ ನಾವು ಜಾಸ್ತಿ ಹೊತ್ತು ಕೂತದ್ದು ಷೇರಿನ ಮೇಲಲ್ಲ, ಈ ಹಾಳೆಯ ಮೇಲೆ. ಕರ್ನಾಟಕದಲ್ಲಿ ಆಗ ಸಹಕಾರ ಸಂಘದ 3 ಲಕ್ಷದ ತನಕದ ಬೆಳೆ ಸಾಲಕ್ಕೆ, ಹೊತ್ತಿಗೆ ಸರಿಯಾಗಿ ಕಟ್ಟಿದರೆ, ಬಡ್ಡಿಯೇ ಇರಲಿಲ್ಲ. ಬಡ್ಡಿ ಇಲ್ಲದ ಸಾಲವನ್ನು ಷೇರು ಮಾರಿ ತೀರಿಸುವುದರಲ್ಲಿ ಅರ್ಥವಿಲ್ಲ. ಗಡುವಿಗೆ ಕಟ್ಟಿ ಮತ್ತೆ ತೆಗೆದುಕೊಂಡರಾಯಿತು. ಚಿನ್ನದ ಸಾಲ ಹಾಗಲ್ಲ. ಒಂದು ಖಾಸಗಿ ಫೈನಾನ್ಸಿನಲ್ಲಿ ಇಟ್ಟಿದ್ದರು, ವರ್ಷಕ್ಕೆ 22% ಬಡ್ಡಿ. ವರ್ಷಕ್ಕೆ ಹತ್ತಿರ ಹತ್ತಿರ 40 ಸಾವಿರ ಅದಕ್ಕೇ ಹೋಗುತ್ತಿತ್ತು, ಜೊತೆಗೆ ಹರಾಜಿನ ಹೆದರಿಕೆ. ಷೇರನ್ನು ಇಟ್ಟುಕೊಂಡರೆ ಅದು ವರ್ಷಕ್ಕೆ 22% ಬೆಳೆಯಬೇಕು, ಆಗ ಮಾತ್ರ ಈ ಬಡ್ಡಿಗೆ ಸಮ. ಬೆಳೆಯಬಹುದು. ಆದರೆ ಬಡ್ಡಿ ಖಚಿತ, ಬೆಳವಣಿಗೆ ಖಚಿತವಲ್ಲ.

ಆ ವರ್ಷ ತೋಟದಿಂದ ಬರುವ ಭರವಸೆಯೂ ಕಮ್ಮಿ. 2018ರ ಆಗಸ್ಟ್ ಮಳೆಯಲ್ಲಿ ಕಾಯಿ ಉದುರಿತ್ತು. 2019ರ ಬೇಸಿಗೆಯಲ್ಲಿ ಅರೇಬಿಕಾ ಅಂತರರಾಷ್ಟ್ರೀಯ ದರ ಪೌಂಡಿಗೆ ಒಂದು ಡಾಲರಿಗಿಂತ ಕೆಳಗೆ ಹೋಗಿತ್ತು. ಕಾಳುಮೆಣಸು ಒಳ್ಳೆಯ ದಿನಗಳ ದರದ ಅರ್ಧಕ್ಕೆ ಬಂದು ನಿಂತಿತ್ತು. ಇದರ ಮೇಲೆ ಮಳೆಗೆ ಮುಂಚೆ ಗಿಡಗಳಿಗೆ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಸಲು ಕೂಲಿ ಬೇಕು.

ಚಿನ್ನ, ಕೈಸಾಲ, ಬೋರ್ಡೋ ಕೂಲಿ ಸೇರಿ 2 ಲಕ್ಷ 40 ಸಾವಿರ. ಆಗಿನ ಪೇಟೆ ದರ ಸುಮಾರು 970 ಅಂತ ಹಿಡಿದು ಭಾಗಿಸಿದರೆ ಹತ್ತಿರ ಹತ್ತಿರ 250 ಷೇರು. ಮಾರುವ ಸಂಖ್ಯೆ ಬಂದದ್ದು ಹೀಗೆ. 'ಅರ್ಧ ಮಾರು, ಅರ್ಧ ಇಟ್ಟುಕೋ' ಅನ್ನುವ ಜಾಣತನ ನನಗೆ ಹಿಡಿಸುವುದಿಲ್ಲ. ಅದು ನಿರ್ಧಾರ ತಪ್ಪಿಸಿಕೊಳ್ಳುವ ದಾರಿ.

ಮಾರುವುದಾದರೆ ಎರಡು ಬಾಗಿಲು: ಆಫರಿಗೆ ಕೊಡುವುದು, ಇಲ್ಲಾ ಪೇಟೆಯಲ್ಲೇ ಮಾರುವುದು. ಆಫರಿನಲ್ಲಿ ಪೂರಾ 980. ಆದರೆ 31%ಗಿಂತ ಜಾಸ್ತಿ ಷೇರು ಬಂದರೆ ಎಲ್ಲರಿಂದಲೂ ಅನುಪಾತದಲ್ಲಿ ತೆಗೆದುಕೊಳ್ಳುತ್ತಾರೆ, ಉಳಿದದ್ದು ವಾಪಸ್. ಒಮ್ಮೆ ಕೊಟ್ಟ ಮೇಲೆ ಮನಸ್ಸು ಬದಲಿಸಿ ಹಿಂದಕ್ಕೆ ಪಡೆಯಲು ನಿಯಮದಲ್ಲಿ ಅವಕಾಶವಿಲ್ಲ. ಹಣ ಬರುವುದು ಆಫರ್ ಮುಗಿದ ಮೇಲೆ. ಪೇಟೆಯಲ್ಲಿ ದರ 980ಕ್ಕೆ ಕೆಲವೇ ರೂಪಾಯಿ ಕೆಳಗೆ ಓಡುತ್ತಿತ್ತು. ಮಾರಿದರೆ ಎರಡು ದಿನದಲ್ಲಿ ಹಣ, ಅಷ್ಟೂ ಷೇರಿಗೆ. ವಾಪಸ್ ಬಂದ ಷೇರನ್ನು ಆಮೇಲೆ ಬಿದ್ದ ದರಕ್ಕೆ ಮಾರುವ ಪರಿಸ್ಥಿತಿ ಬಂದರೆ ಆ ಕೆಲವು ರೂಪಾಯಿಯ ಆಸೆ ದುಬಾರಿಯಾಗುತ್ತದೆ. ತಾಯಿ ಪೇಟೆಯಲ್ಲಿ ಮಾರಲು ಒಪ್ಪಿದರು. ಆಫರ್ ಶುರುವಾದ ವಾರದಲ್ಲೇ 250 ಷೇರು ಹೋದವು.

ತೆರಿಗೆಯ ವಿಷಯದಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಯಾಕಂದರೆ ಇಲ್ಲಿ ಬಹಳ ಮಂದಿ ಎಡವುತ್ತಾರೆ. 50 ಸಾವಿರಕ್ಕೆ ಕೊಂಡದ್ದು 400 ಆಯಿತು, ಹಾಗಾಗಿ ಒಂದೊಂದರ ಅಸಲು 125 ರೂಪಾಯಿ ಅಂತ ಮಗ ಲೆಕ್ಕ ಹಾಕಿದ್ದ. ತೆರಿಗೆ ಕಾನೂನು ಹಾಗೆ ನೋಡುವುದಿಲ್ಲ. ಕೊಂಡ 100 ಷೇರಿನ ಅಸಲು 500. ಬೋನಸ್ ಬಂದ 300ರ ಅಸಲು ಸೊನ್ನೆ. ಡಿಮ್ಯಾಟ್‌ನಲ್ಲಿ ಮೊದಲು ಬಂದದ್ದು ಮೊದಲು ಹೋಗುತ್ತದೆ. ಹಾಗಾಗಿ ಮಾರಿದ 250ರಲ್ಲಿ ಕೊಂಡವು 100, ಬೋನಸ್ 150. ಹೀಗೇ ಬಿಟ್ಟರೆ ಲಾಭ ಎರಡು ಲಕ್ಷದ ಹತ್ತಿರ. ಆಗ ಒಂದು ಲಕ್ಷದ ಮೇಲಿನ ದೀರ್ಘಾವಧಿ ಲಾಭಕ್ಕೆ 10% ತೆರಿಗೆ ಇತ್ತು.

ಆದರೆ 2018ರಲ್ಲಿ ಈ ತೆರಿಗೆ ತಂದಾಗ ಸರ್ಕಾರ ಒಂದು ರಿಯಾಯಿತಿ ಕೊಟ್ಟಿತ್ತು. 2018ರ ಜನವರಿ 31ಕ್ಕಿಂತ ಮೊದಲೇ ಕೈಯಲ್ಲಿದ್ದ ಷೇರಿಗೆ ಆ ದಿನದ ಗರಿಷ್ಠ ದರವನ್ನೇ ಅಸಲು ಅಂತ ಹಿಡಿಯಬಹುದು. ಬೋನಸ್ ಷೇರಿಗೂ ಇದು ಸಿಗುತ್ತದೆ. ಯಜಮಾನರು ಕೊಂಡ ತಾರೀಕೇ ತಾಯಿಗೂ ಲೆಕ್ಕ, ಪಿತ್ರಾರ್ಜಿತಕ್ಕೆ ಅದು ಮುಂದುವರಿಯುತ್ತದೆ. ಆ ದಿನದ ದರ 580ರ ಮೇಲಿದ್ದರೆ ಲಾಭ ಒಂದು ಲಕ್ಷದೊಳಗೆ ಬರುತ್ತಿತ್ತು. ಮೇಲೇ ಇತ್ತು. ತೆರಿಗೆ ಸೊನ್ನೆ. ಇದನ್ನು ಗಮನಿಸದೆ ತೆರಿಗೆ ಕಟ್ಟಿದವರನ್ನು ಆ ವರ್ಷ ನೋಡಿದ್ದೇನೆ. 2024ರ ಜುಲೈ 23ರಿಂದ ದರ 12.5%, ಮಿತಿ 1.25 ಲಕ್ಷ. ಆದರೆ 2018ರ ರಿಯಾಯಿತಿ ಹಾಗೇ ಉಳಿಯಿತು.

ಉಳಿದ 150 ಷೇರು ಇಟ್ಟುಕೊಂಡದ್ದು ಹಟಕ್ಕಲ್ಲ. ಆ ಹಣಕ್ಕೆ ಮನೆಯಲ್ಲಿ ಕೆಲಸ ಇರಲಿಲ್ಲ. ಮಾರಿದ್ದರೆ ಅದು ಬ್ಯಾಂಕಿನಲ್ಲಿ ಕೂತು ಮೆಲ್ಲಗೆ ಕರಗುತ್ತಿತ್ತು, ನಮ್ಮೂರಿನಲ್ಲಿ ಮಗಳ ಮದುವೆಗಿಂತ ಜಾಸ್ತಿ ಹಣ ತಿನ್ನುವುದು ಹೊಸ ಜೀಪು. 'ಅವರು ಕೊಂಡದ್ದು, ಸ್ವಲ್ಪ ಇರಲಿ' ಅಂದರು ತಾಯಿ. ಅದೂ ಒಂದು ಕಾರಣವೇ. ಆಗಲೇ ಘೋಷಣೆಯಾಗಿದ್ದ ಷೇರಿಗೆ 20 ರೂಪಾಯಿಯ ವಿಶೇಷ ಡಿವಿಡೆಂಡ್ ಕೂಡ ಇಟ್ಟುಕೊಂಡವುಗಳಿಗೆ ಬಂತು.

ಆಮೇಲಿನದು ಬೇಗ ಹೇಳಿಬಿಡುತ್ತೇನೆ. ಜುಲೈ ಮೊದಲ ವಾರದಲ್ಲಿ ಎಲ್ ಅಂಡ್ ಟಿ ಪಾಲು 60% ದಾಟಿತು. ಕಂಪನಿ ಕಟ್ಟಿದವರಲ್ಲಿ ಕೃಷ್ಣಕುಮಾರ್ ನಟರಾಜನ್, ಪಾರ್ಥಸಾರಥಿ, ರೋಸ್ಟೋ ರಾವಣನ್ ಮೂವರೂ ರಾಜೀನಾಮೆ ಕೊಟ್ಟರು. ಜುಲೈ ಕೊನೆಯಲ್ಲಿ ಸಿದ್ಧಾರ್ಥ ಇಲ್ಲವಾದರು. ಆ ದಿನಗಳಲ್ಲಿ ಚಿಕ್ಕಮಗಳೂರಿನಲ್ಲಿ ಷೇರಿನ ಮಾತು ಯಾರೂ ಆಡಲಿಲ್ಲ. ಮತ್ತೆ ನೋಡುವ ಹೊತ್ತಿಗೆ ದರ ಏಳುನೂರರ ಸುತ್ತಮುತ್ತ ಇತ್ತು. ಮಗ ಫೋನ್ ಮಾಡಿ 'ಪೂರ್ತಿ ಮಾರಬೇಕಿತ್ತು' ಅಂದ.

2021ರಲ್ಲಿ ದರ 4,000 ದಾಟಿತು. ಆಗ ಮಗಳ ಫೋನ್: 'ಒಂದೂ ಮಾರಬಾರದಿತ್ತು.' ಮಾರಿದ 250 ಷೇರು ಹತ್ತು ಲಕ್ಷ ಆಗುತ್ತಿತ್ತಲ್ಲ ಅಂತ. ಆಗುತ್ತಿತ್ತು. ಆದರೆ ಆ ಎರಡು ವರ್ಷ ಚಿನ್ನ ಫೈನಾನ್ಸಿನಲ್ಲೇ ಕೂತಿದ್ದರೆ, ಲಾಕ್‌ಡೌನ್ ಹೊತ್ತಿನಲ್ಲಿ ಬಡ್ಡಿ ಕಟ್ಟಲು ಆಗದೆ ಹರಾಜಿಗೆ ಹೋಗಿದ್ದರೆ? ಚಿನ್ನದ ದರವೂ ಆ ಹೊತ್ತಿಗೆ ಚೆನ್ನಾಗೇ ಏರಿತ್ತು. ಬಿಡಿಸಿಕೊಂಡ ಒಡವೆಯ ಬೆಲೆಯನ್ನು ಈ ಲೆಕ್ಕಕ್ಕೆ ಯಾರೂ ಸೇರಿಸುವುದಿಲ್ಲ. ಅಣ್ಣ ತಂಗಿ ಇಬ್ಬರೂ ಆಮೇಲಿನ ದರ ಹಿಡಿದು ಆವತ್ತಿನ ನಿರ್ಧಾರವನ್ನು ಅಳೆಯುತ್ತಿದ್ದರು. 2019ರ ಜೂನ್‌ನಲ್ಲಿ 700 ಕೂಡ ಗೊತ್ತಿರಲಿಲ್ಲ, 4,000 ಕೂಡ ಗೊತ್ತಿರಲಿಲ್ಲ. ಗೊತ್ತಿದ್ದದ್ದು 22% ಒಂದೇ.

ಎರಡನೇ ಸುತ್ತು 2022ರಲ್ಲಿ. ಎಲ್ ಅಂಡ್ ಟಿ ತನ್ನ ಇನ್ನೊಂದು ಐಟಿ ಕಂಪನಿ ಎಲ್‌ಟಿಐ ಜೊತೆ ಮೈಂಡ್‌ಟ್ರೀಯನ್ನು ಸೇರಿಸಿತು. 100 ಮೈಂಡ್‌ಟ್ರೀ ಷೇರಿಗೆ 73 ಎಲ್‌ಟಿಐ ಷೇರು, ನವೆಂಬರ್ 14ರಿಂದ ಜಾರಿ. ಮಗ ಮತ್ತೆ 'ಫಾರಂ ಎಲ್ಲಿ ತುಂಬಬೇಕು' ಅಂತ ಬಂದ. ತುಂಬಲು ಏನೂ ಇರಲಿಲ್ಲ. ಓಪನ್ ಆಫರ್ ಬೇರೆ, ವಿಲೀನ ಬೇರೆ. ವಿಲೀನಕ್ಕೆ ಷೇರುದಾರರ ಮತ ಮತ್ತು ಕಂಪನಿ ನ್ಯಾಯಮಂಡಳಿಯ ಒಪ್ಪಿಗೆ ಸಿಕ್ಕಿದ ಮೇಲೆ ಎಲ್ಲರ ಷೇರೂ ತಾನಾಗೇ ಬದಲಾಗುತ್ತದೆ. ಬೇಡ ಅನ್ನುವವರು ಅದಕ್ಕೂ ಮೊದಲೇ ಪೇಟೆಯಲ್ಲಿ ಮಾರಬೇಕು, ಅಷ್ಟೇ.

ಹಳೇ ಮೈಸೂರಿನ ಕಡೆ ಇದು ಹೊಸದಲ್ಲ. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನ 10 ಷೇರಿಗೆ ಎಸ್‌ಬಿಐನ 22 ಸಿಕ್ಕಿತು. 2019ರಲ್ಲಿ ವಿಜಯಾ ಬ್ಯಾಂಕಿನ 1,000ಕ್ಕೆ ಬ್ಯಾಂಕ್ ಆಫ್ ಬರೋಡಾದ 402. ಸಂಖ್ಯೆ ಕಡಿಮೆಯಾಯಿತು ಅಂತ ಹಾಸನದಲ್ಲಿ ಮಗಳ ಮಾವ ಇವತ್ತಿಗೂ ಗೊಣಗುತ್ತಾರೆ. ನೋಡಬೇಕಾದ್ದು ಎಷ್ಟು ಷೇರು ಬಂತು ಅಂತಲ್ಲ, ಬಂದ ಷೇರಿನ ಒಟ್ಟು ಬೆಲೆ ಕೊಟ್ಟದ್ದಕ್ಕೆ ಸಮವಾ ಅಂತ.

ಈ ಮನೆಯ 150 ಷೇರಿಗೆ 73ರ ಲೆಕ್ಕದಲ್ಲಿ 109 ಮತ್ತು ಅರ್ಧ. 109 ಖಾತೆಗೆ ಬಂದವು. ಅರ್ಧ ಷೇರಿನ ಹಣ ಬ್ಯಾಂಕಿಗೆ ಬಂತು. ಷೇರಿಗೆ ಷೇರು ಬದಲಾದದ್ದಕ್ಕೆ ತೆರಿಗೆ ಇಲ್ಲ, ಹಳೆಯ ಅಸಲು ಮತ್ತು ತಾರೀಕು ಮುಂದುವರಿಯುತ್ತದೆ. ಅರ್ಧ ಷೇರಿಗೆ ಸಿಕ್ಕ ಹಣ ಮಾತ್ರ ಮಾರಾಟದ ಲೆಕ್ಕ. ಬ್ರೋಕರ್ ಆ್ಯಪ್ ತೋರಿಸುವ ಕೊಂಡ ಬೆಲೆಯನ್ನು ಇಂಥ ಕಡೆ ನಂಬಬೇಡಿ. ಯಜಮಾನರ ಹಳೆಯ ಕಾಂಟ್ರಾಕ್ಟ್ ನೋಟನ್ನು (ಷೇರು ಕೊಂಡಾಗ ಬ್ರೋಕರ್ ಕೊಟ್ಟ ಬಿಲ್ಲು) ತಾಯಿ ಎಲ್‌ಐಸಿ ಪಾಲಿಸಿಗಳ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದರು. ಎಲ್ಲರ ಮನೆಯಲ್ಲೂ ಹಾಗಿರುವುದಿಲ್ಲ.

ಆ ಹೊತ್ತಿಗೆ ಒಂದು ಸಣ್ಣ ತೊಡಕು ಸಿಕ್ಕಿತು. ಯಜಮಾನರು ತೀರಿಕೊಂಡ ವರ್ಷದ ಡಿವಿಡೆಂಡ್, ಮುಚ್ಚಿದ ಬ್ಯಾಂಕ್ ಖಾತೆಗೆ ಹೋಗಿ ವಾಪಸಾಗಿತ್ತು. ಏಳು ವರ್ಷ ಸತತವಾಗಿ ಡಿವಿಡೆಂಡ್ ಪಡೆಯದಿದ್ದರೆ ಷೇರೇ ಸರ್ಕಾರದ ಹೂಡಿಕೆದಾರರ ನಿಧಿಗೆ ಹೋಗುತ್ತದೆ, ವಾಪಸ್ ತರುವುದು ದೊಡ್ಡ ಓಡಾಟ. ಇವರದು ಅಲ್ಲಿಗೆ ಮುಟ್ಟಿರಲಿಲ್ಲ. ಕಂಪನಿಯ ಷೇರು ದಾಖಲೆ ನೋಡಿಕೊಳ್ಳುವ ರಿಜಿಸ್ಟ್ರಾರ್‌ಗೆ ಪತ್ರ ಬರೆದು ಆ ಹಣ ಬಿಡಿಸಿಕೊಂಡೆವು.

ಇನ್ನೊಂದು ವಿಷಯವನ್ನು ತಾಯಿಯೇ ಎತ್ತಿದರು. ಖಾತೆಯಲ್ಲಿ ನಾಮಿನಿ ಮಗ ಒಬ್ಬನೇ. ಮಗಳಿಗೆ ಏನೂ ಸಿಗಲ್ವಾ ಅಂತ ಕೇಳಿದರು. ನಾಮಿನಿ ಅಂದರೆ ಷೇರನ್ನು ಕೈಗೆ ತೆಗೆದುಕೊಳ್ಳುವವನು, ಒಡೆಯನಲ್ಲ. 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಹಕ್ಕು ವಾರಸುದಾರರದು. ಆದರೂ ಮಾತಿಗೆ ಬಿಡುವುದು ಬೇಡ ಅಂತ ಮಗಳನ್ನೂ ನಾಮಿನಿ ಮಾಡಿಸಿ, ಚಿಕ್ಕಮಗಳೂರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ವಿಲ್ ನೋಂದಾಯಿಸಿದರು. ಷೇರು ಮಗಳಿಗೆ 59, ಮಗನಿಗೆ 50. ಒಂಬತ್ತು ಯಾಕೆ ಜಾಸ್ತಿ ಅಂತ ಮಗ ಕೇಳಿದ್ದಕ್ಕೆ, "ಜೀಪು ನಿನ್ನ ಹತ್ರ ಇದೆಯಲ್ಲ" ಅಂದರಂತೆ.